ಏಳು ಮಂದಿ ಆಗಲಿಲ್ಲ

ಸಪ್ತಾಪುರ, ಧಾರವಾಡ
೧೪ ಮಾರ್ಚ್ ೨೦೨೨

ಬ್ರದರ್ ಗುರುಶಿದ್ದಪ್ಪನವರಿಗೆ,

ಫೋನಿನಲ್ಲಿ ಮಾತಾಡಿದರೆ ನನಗೆ ಅರ್ಧ ಕೇಳಿಸುತ್ತದೆ, ನಿಮಗೆ ಪೂರ್ತಿ ಸಿಟ್ಟು ಬರುತ್ತದೆ. ಅದಕ್ಕೇ ಈ ಪತ್ರ. ಧಾರವಾಡದಿಂದ ಹುಬ್ಬಳ್ಳಿಗೆ ಅಂಚೆ ಹಾಕುವುದನ್ನು ನೋಡಿ ನನ್ನ ಹೆಂಡತಿ ಇಂದುವಿಗೆ ನಗು ಬಂತು. "ಬಸ್ಸಿನ್ಯಾಗ ಹೋಗಿ ಕೊಟ್ಟ ಬರ್ರಿ, ಪತ್ರಕ್ಕಿಂತ ಮೊದಲ ನೀವ ಮುಟ್ಟತೀರಿ" ಎಂದಳು. ಮೂವತ್ತು ವರ್ಷಗಳ ಸಂಸಾರದಲ್ಲಿ ಅವಳಿಗೆ ನಮ್ಮ ಫ್ರೀಮೇಸನ್ ಸೋದರಸಂಘದ, ಅಂದರೆ ಲಾಡ್ಜಿನ, ವಿಷಯ ನಾನು ಹೆಚ್ಚು ಹೇಳಿದವನಲ್ಲ. ಈ ಸಲವೂ ಹೇಳಲಿಲ್ಲ.

ಶನಿವಾರ ಸುಳ್ಳ ಊರಿನ ನಿಮ್ಮ ತಂಗಿ ದುರಗವ್ವನ ಮಗ ಮೈಲಾರಿಯ ಹೆಸರನ್ನು ಹೊಸ ಸದಸ್ಯನಾಗಿ ನೀವು ಸೂಚಿಸಿದಿರಿ. ಮತದ ಪೆಟ್ಟಿಗೆ ಸುತ್ತು ಬಂತು. ಎಲ್ಲರಂತೆ ನಾನೂ ಅದರ ಬಟ್ಟೆಯ ತೋಳಿನೊಳಗೆ ಕೈ ತೂರಿಸಿ, ಯಾರಿಗೂ ಕಾಣದಂತೆ ಒಂದು ಗುಂಡು ಬಿಟ್ಟೆ. ತೆರೆದಾಗ ಬಿಳಿ ಗುಂಡುಗಳ ನಡುವೆ ಒಂದು ಕರಿಯದು ಇತ್ತು. ನಮ್ಮ ಲಾಡ್ಜಿನಲ್ಲಿ ಒಬ್ಬನನ್ನು ಹೊರಗಿಡಲು ಅದೊಂದೇ ಸಾಕು. ಮೈಲಾರಿ ಫ್ರೀಮೇಸನ್ ಆಗಲಿಲ್ಲ. ಇದು ಯಾರಿಗೂ ಸಂತೋಷದ ಮಾತಲ್ಲ.

ಆದರೆ ಊಟದ ಮೇಜಿನ ಮುಂದೆ ನೀವು ಎದ್ದು ನಿಂತು ಎಲ್ಲರೆದುರು ಏನಂದಿರಿ? "ಈ ಧಾರವಾಡದ ಮಂದಿಗೆ ಸುಳ್ಳದ ಮಣ್ಣಿನ ವಾಸನಿ ತಡಿಯೂದಿಲ್ರಿ. ಕೈ ಸ್ವಚ್ಛ ತೊಳಕೊಂಡ ಬಂದ ಕರಿ ಗುಂಡ ಹಾಕ್ಯಾರ." ಹೆಸರು ಹೇಳಲಿಲ್ಲ. ನೋಡಿದ್ದು ನನ್ನನ್ನು. ಅಂದು ಆ ಮೇಜಿನ ಸುತ್ತ ಕೂತವರಲ್ಲಿ ಧಾರವಾಡದವನು ನಾನೊಬ್ಬನೇ ಇದ್ದೆ.

ಯಾರು ಯಾವ ಗುಂಡು ಹಾಕಿದರೆಂದು ಕೇಳುವಂತಿಲ್ಲ, ಕೇಳಿದರೆ ಹೇಳುವಂತಿಲ್ಲ. ನನ್ನನ್ನು ಲಾಡ್ಜಿಗೆ ಕರೆತಂದು ಈ ನಿಯಮ ಕಲಿಸಿದವರು ನೀವೇ. ನಾನು ಸುಮ್ಮನೆ ಕೂತದ್ದು ಅದಕ್ಕೆ. ಅದನ್ನು ನೀವು ಒಪ್ಪಿಗೆ ಎಂದು ತಿಳಿದಿರಿ.

ಇನ್ನೊಂದು ನಿಯಮವೂ ಇದೆ. ಮನಸ್ತಾಪವಿರುವ ಇಬ್ಬರು ಸೋದರರು ಸೊಂಟಕ್ಕೆ ಲಾಡ್ಜಿನ ಏಪ್ರನ್ ಕಟ್ಟಿಕೊಂಡು ಒಂದೇ ಸಭೆಯಲ್ಲಿ ಕೂಡಬಾರದು. ಹೊರಗೆ ನಿಂತು ಮೊದಲು ತೀರಿಸಿಕೊಳ್ಳಬೇಕು, ತೀರದಿದ್ದರೆ ಒಬ್ಬರು ಹೊರಗೇ ಉಳಿಯಬೇಕು. ಮುಂದಿನ ಸಭೆಯ ದಿನ, ಏಪ್ರಿಲ್ ಒಂಬತ್ತರಂದು ನಾನು ಬೇಗ ಬಂದು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಬನ್ನಿ. ಅಂದದ್ದು ತಪ್ಪಾಯಿತು ಎಂದರೆ ಸಾಕು, ಇಬ್ಬರೂ ಕೂಡಿಯೇ ಒಳಗೆ ಹೋಗೋಣ.

ನಿಮ್ಮ
ಬಿಂದುಮಾಧವ


ಕೇಶ್ವಾಪುರ, ಹುಬ್ಬಳ್ಳಿ
೨೩ ಮಾರ್ಚ್ ೨೦೨೨

ಪ್ರೊಫೆಸರ್ ಸಾಹೇಬರಿಗೆ,

ಪತ್ರ ಮುಟ್ಟಿತು. ಸಿಟ್ಟಿನಲ್ಲೂ ನಿಮ್ಮ ಸಾಲು ಸೊಟ್ಟಗಾಗುವುದಿಲ್ಲ, ಮೆಚ್ಚಿದೆ. ನಮ್ಮದು ಪಂಪ್‌ಸೆಟ್ ಅಂಗಡಿಯವರ ಅಕ್ಷರ, ಓದಿಕೊಳ್ಳಿ.

ಮೈಲಾರಿಗೆ ಕರಿ ಕೋಟು ಹೊಲಿಸಿದ್ದೆ. ದುರಗವ್ವ ಸುಳ್ಳದ ತನ್ನ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು, ನನ್ನ ಮಗ ಡಾಕ್ಟರ, ವಕೀಲರ ಜೋಡಿ ಕೂಡುವವನಿದ್ದಾನೆ ಎಂದು. ಮರುದಿನ ಆಕೆಯ ಮನೆಗೆ ಹೋದರೆ ಬಾಗಿಲಲ್ಲೇ ಕೇಳಿದಳು, "ಯಣ್ಣಾ, ನನ್ನ ಮಗ ಏನ್ ಕಳವು ಮಾಡ್ಯಾನಂತ ಬ್ಯಾಡಂದ್ರು?" ನಾನು ಏನು ಹೇಳಲಿ, ರಾಯರೇ? ನಮ್ಮ ಲಾಡ್ಜಿನಲ್ಲಿ ಒಂದು ಗುಂಡಿಗೆ ಕಾರಣ ಬೇಕಾಗಿಲ್ಲ ಎಂದು ಹೇಳಲೇ?

ನಾನು ಆ ಲಾಡ್ಜನ್ನು ಪ್ರೀತಿಸಿದ್ದು ಯಾಕೆಂದು ನಿಮಗೆ ಗೊತ್ತು. ಮೇಜಿನ ಮೇಲೆ ಗೀತೆ, ಕುರಾನ್, ಬೈಬಲ್ ಒಟ್ಟಿಗೆ ತೆರೆದಿರುತ್ತವೆ. ಜಡ್ಜ್ ಸಾಹೇಬರ ಪಕ್ಕದಲ್ಲಿ ನನ್ನಂಥ ಎಸೆಸೆಲ್ಸಿ ಫೇಲ್ ಆದವನು ಕೂಡುತ್ತಾನೆ. ಒಳಗೆ ಯಾವ ಊರು, ಯಾವ ಮನೆತನ ಎಂದು ಕೇಳುವವರಿಲ್ಲ ಎಂದು ನಂಬಿದ್ದೆ. ಆ ಸಂಜೆ ನಂಬಿಕೆ ಹೋಯಿತು.

ನೀವು ಒಂದು ಮಾತು ಅನ್ನಬಹುದಿತ್ತು. "ನಾ ಹಾಕಿಲ್ಲ, ಗುರುಶಿದ್ದಪ್ಪ." ಅಷ್ಟಂದಿದ್ದರೆ ಅಲ್ಲೇ ನಿಮ್ಮ ಕಾಲು ಹಿಡಿಯುತ್ತಿದ್ದೆ. ನೀವು ತಟ್ಟೆ ನೋಡುತ್ತ ಕೂತಿರಿ. ಈಗ ನಿಯಮ ಎನ್ನುತ್ತೀರಿ.

ಒಂಬತ್ತನೇ ತಾರೀಖಿಗೆ ಬರುತ್ತೇನೆಂದೂ ಹೇಳುವುದಿಲ್ಲ, ಬರುವುದಿಲ್ಲವೆಂದೂ ಹೇಳುವುದಿಲ್ಲ. ಇಂದು ವೈನಿಗೆ ನಮಸ್ಕಾರ ಹೇಳಿ, ಅವರ ಮೇಲೆ ನನಗೆ ಸಿಟ್ಟಿಲ್ಲ.

ಗುರುಶಿದ್ದಪ್ಪ


ಧಾರವಾಡ
೫ ಡಿಸೆಂಬರ್ ೨೦೨೩

ಗುರುಶಿದ್ದಪ್ಪನವರೇ,

ನಿಮ್ಮ ಮಗಳು ಗೀತಾಂಜಲಿಯ ಲಗ್ನಪತ್ರಿಕೆ ಕಳಿಸಿದ್ದಕ್ಕೆ ಉಪಕಾರ. ನೀವು ಕಳಿಸುತ್ತೀರೆಂದು ಅಂದುಕೊಂಡಿರಲಿಲ್ಲ. ನನ್ನ ಮಡಿಲಲ್ಲಿ ಕೂತು ಹಾರ್ಮೋನಿಯಂ ಮೇಲೆ ಬೆರಳು ಒತ್ತುತ್ತಿದ್ದ ಹುಡುಗಿ ಮದುಮಗಳಾದದ್ದನ್ನು ನೋಡಬೇಕಿತ್ತು. ಮೊಣಕಾಲು ನೋವೆಂದು ಇಂದುವನ್ನಷ್ಟೇ ಕಳಿಸಿದೆ. ಮೊಣಕಾಲು ನಿಜವಾಗಿಯೂ ನೋಯುತ್ತದೆ, ಆದರೆ ಹುಬ್ಬಳ್ಳಿಗೆ ಬರಲಾರದಷ್ಟಲ್ಲ.

ನೀವು ಮಂಟಪದ ಬಾಗಿಲವರೆಗೂ ಬಂದು, "ರಾಯರು ಬರಲಿಲ್ಲೇನ್ರಿ ವೈನಿ?" ಎಂದು ಕೇಳಿದಿರಂತೆ. ಆಮೇಲೆ ಅವಳ ಕೈಗೆ ಪೇಡೆಯ ಡಬ್ಬಿ ಕೊಟ್ಟಿರಂತೆ. ಧಾರವಾಡಕ್ಕೆ ಪೇಡೆ ಕಟ್ಟಿ ಕಳಿಸುವ ಧೈರ್ಯ ನಿಮಗೊಬ್ಬರಿಗೇ ಸಾಧ್ಯ. ಎಲ್ಲವನ್ನೂ ನಾನೇ ತಿಂದೆ.

ಲಾಡ್ಜಿನ ವಿಷಯ ಬರೆಯುವುದಿಲ್ಲ. ಅದರ ಸುದ್ದಿ ನಿಮಗೆ ನಾನು ಹೇಳಬೇಕಾಗಿಲ್ಲ. ತಿಂಗಳ ಎರಡನೇ ಶನಿವಾರ ಸಂಜೆ ಸಭೆಯ ಹೊತ್ತಾದರೆ ನಿಮ್ಮ ಕುರ್ಚಿ ನನ್ನ ಕಣ್ಣ ಮುಂದೆ ಇರುತ್ತದೆ. ಅಷ್ಟು ತಿಳಿದಿರಲಿ.

ಮದುಮಕ್ಕಳಿಗೆ ನನ್ನ ಆಶೀರ್ವಾದ.

ಬಿಂದುಮಾಧವ


ಹುಬ್ಬಳ್ಳಿ
೧೫ ಡಿಸೆಂಬರ್ ೨೦೨೩

ರಾಯರಿಗೆ,

ಆಶೀರ್ವಾದವನ್ನು ಮಗಳಿಗೆ ಮುಟ್ಟಿಸಿದೆ. "ಹಾರ್ಮೋನಿಯಂ ಕಾಕಾ ಯಾಕ ಬರಲಿಲ್ಲ?" ಎಂದು ಆಕೆಯೂ ಕೇಳಿದಳು. ಮೊಣಕಾಲು ಎಂದೆ.

ಕುರ್ಚಿಯ ಮಾತು ಚುಚ್ಚಿತು. ಕೂತವರು ಸುಖವಾಗಿ ಕೂತಿರಲಿ, ಅದನ್ನು ಕಾಗದದ ಮೇಲೆ ಬರೆದು ಕಳಿಸುವುದು ಬೇಕಿರಲಿಲ್ಲ. ಪೇಡೆ ಕಳಿಸಿದವನಿಗೆ ಇದು ಸಲ್ಲದ ಉಡುಗೊರೆ.

ಗುರುಶಿದ್ದಪ್ಪ


ಹುಬ್ಬಳ್ಳಿ
೧೮ ನವೆಂಬರ್ ೨೦೨೪

ಬಿಂದುಮಾಧವರಾಯರೇ,

ಹೆಚ್ಚುಕಡಿಮೆ ಒಂದು ವರ್ಷದ ಮೇಲೆ ನಾನೇ ಮೊದಲು ಬರೆಯುತ್ತಿದ್ದೇನೆ. ನೀವು ಗೆದ್ದಿರಿ ಎಂದುಕೊಳ್ಳಿ.

ಸೆಕ್ರೆಟರಿ ಮಿಲಿಂದ ನವನಗರದಿಂದ ಕಳಿಸಿದ ನೋಟೀಸು ನಿಮಗೂ ಬಂದಿರಬೇಕು. ಏಳು ಮಂದಿ ಇಲ್ಲದೆ ನಮ್ಮ ಲಾಡ್ಜ್ ತೆರೆಯುವಂತಿಲ್ಲ, ಮಳೆಗಾಲದಿಂದ ಒಮ್ಮೆಯೂ ಏಳಾಗಿಲ್ಲವಂತೆ. ಕೆಲವರು ತೀರಿಕೊಂಡರು, ಕೆಲವರು ಪುಣೆ, ಬೆಳಗಾವಿ ಎಂದು ಹೋದರು, ಹೊಸಬರು ಬರಲಿಲ್ಲ. ಜನವರಿ ಹನ್ನೊಂದಕ್ಕೂ ಏಳು ಮಂದಿ ಆಗದಿದ್ದರೆ ಪರವಾನಗಿಯನ್ನು ವಾಪಸು ಕಳಿಸಿ ಬೀಗ ಹಾಕುತ್ತಾರಂತೆ. ಓದಿ ಅಂಗಡಿಯಲ್ಲೇ ಕೂತುಬಿಟ್ಟೆ. ಬೇರಿಂಗ್ ಕೇಳಲು ಬಂದ ಆಫ್ತಾಬ, "ಕಾಕಾ, ಮೈಯಾಗ ಆರಾಮಿಲ್ಲೇನ್ರಿ?" ಎಂದು ನೀರು ತಂದುಕೊಟ್ಟ.

ಆ ಊಟದ ದಿನದ ನಂತರ ನಾನು ಆ ಹೊಸ್ತಿಲು ದಾಟಿಲ್ಲ. ನಿಮ್ಮ ಮೇಲೆ ಮನಸ್ತಾಪ ಇಟ್ಟುಕೊಂಡು ಏಪ್ರನ್ ಕಟ್ಟಲು ಕೈ ಬರಲಿಲ್ಲ. ಇಬ್ಬರಲ್ಲಿ ಒಬ್ಬರು ಹೊರಗಿರಬೇಕಾದರೆ ಅದು ನಾನೇ ಆಗಲಿ ಎಂದುಕೊಂಡೆ. ಲಾಡ್ಜ್ ತೆರೆಯುವಾಗ ಹಾರ್ಮೋನಿಯಂ ನುಡಿಸುವವರು ನೀವು. ಪಂಪ್‌ಸೆಟ್ ಮಾರುವವನಿಲ್ಲದಿದ್ದರೂ ಸಭೆ ನಡೆಯುತ್ತದೆ, ಸಂಗೀತವಿಲ್ಲದೆ ನಡೆಯಬಾರದು.

ಈಗ ಕೇಳಿ. ಆ ಕರಿ ಗುಂಡನ್ನು ನಾನು ಮರೆತೆ. ನೀವೇ ಹಾಕಿದ್ದೀರಿ ಎಂದೇ ಇಟ್ಟುಕೊಳ್ಳೋಣ, ಆದರೂ ನನ್ನ ಮನಸ್ಸಿನಲ್ಲಿ ಏನೂ ಉಳಿದಿಲ್ಲ. ಖರೇ ಹೇಳುತ್ತೇನೆ, ಕ್ಷಮಿಸಿಬಿಟ್ಟಿದ್ದೇನೆ. ನೀವು ಒಮ್ಮೆ "ಬಾ" ಅನ್ನಿ, ಜನವರಿಗೆ ಬಂದು ನಿಮ್ಮ ಪಕ್ಕ ಕೂಡುತ್ತೇನೆ. ಲಾಡ್ಜ್ ಉಳಿಯಲಿ.

ನಿಮ್ಮ ಸೋದರ
ಗುರುಶಿದ್ದಪ್ಪ


ಧಾರವಾಡ
೨ ಡಿಸೆಂಬರ್ ೨೦೨೪

ಗುರುಶಿದ್ದಪ್ಪನವರಿಗೆ,

ನಿಮ್ಮ ಪತ್ರವನ್ನು ಇಂದುವಿಗೆ ಓದಲು ಕೊಟ್ಟೆ. "ಎಷ್ಟ ದೊಡ್ಡ ಮನಸ್ಸಿಲೆ ಬರದಾರ್ರಿ, ಇವತ್ತ ಹೋಗಿ ಬರ್ರಿ" ಎಂದಳು. ಚಪ್ಪಲಿ ಹಾಕಿಕೊಂಡವನು ತೆಗೆದಿಟ್ಟು ಕೂತೆ.

ಕ್ಷಮೆಯನ್ನು ತಪ್ಪು ಮಾಡಿದವನಿಗೆ ಕೊಡುತ್ತಾರೆ. ನೀವು ಇಷ್ಟು ವರ್ಷ ನಿಮ್ಮೊಳಗೇ ಕಟಕಟೆ ಕಟ್ಟಿ, ನನ್ನನ್ನು ನಿಲ್ಲಿಸಿ, ಅಪರಾಧಿ ಎಂದು ತೀರ್ಮಾನಿಸಿ, ಈಗ ದಯೆತೋರಿ ಬಿಡುಗಡೆ ಮಾಡಿದ್ದೀರಿ. ನಾನು ಕಾದಿದ್ದು ಬಿಡುಗಡೆಗಲ್ಲ. ಗೊತ್ತಿಲ್ಲದೆ ಒಬ್ಬ ಸೋದರನ ಮೇಲೆ ಎಲ್ಲರೆದುರು ಬೆರಳು ಮಾಡಿದೆ, ಅದು ತಪ್ಪು ಎಂದು ನೀವು ಬರೆಯುವಿರೆಂದು ಕಾದಿದ್ದೆ. ಆ ಮಾತು ಪತ್ರದಲ್ಲಿ ಎಲ್ಲಿಯೂ ಇಲ್ಲ. ಅದರ ಹಿಂದೆಮುಂದೆಯೇ ಸುತ್ತಿ ಬಂದಿದ್ದೀರಿ.

ನೀವು ಜನವರಿಗೆ ಅವಶ್ಯವಾಗಿ ಹೋಗಿ. ನಾನು ಅಡ್ಡ ಬರುವುದಿಲ್ಲ. ಅದಕ್ಕೆ ನನ್ನ "ಬಾ" ಬೇಕಾಗಿಲ್ಲ, ಬಾಗಿಲು ನನ್ನದಲ್ಲ.

ಬಿಂದುಮಾಧವ


ಧಾರವಾಡ
೨೫ ಜನವರಿ ೨೦೨೫

ಪ್ರಿಯ ಗುರುಶಿದ್ದಪ್ಪ,

ನಿನ್ನೆ ಅಹಮದಸಾಬ ಬಂದಿದ್ದ. ಇಷ್ಟು ವರ್ಷ ಲಾಡ್ಜಿನ ಬಾಗಿಲಲ್ಲಿ ವಾಡಿಕೆಯಂತೆ ಕತ್ತಿ ಹಿಡಿದು ಕಾವಲು ನಿಲ್ಲುತ್ತಿದ್ದವನ ಕೈಯಲ್ಲಿ ಬಟ್ಟೆಯ ಚೀಲವಿತ್ತು. ಅದರಲ್ಲಿ ಇಸ್ತ್ರಿ ಮಾಡಿ ಮಡಚಿದ ನನ್ನ ಏಪ್ರನ್. ನಿಮ್ಮದನ್ನೂ ಮನೆಗೆ ಮುಟ್ಟಿಸುವವನಿದ್ದಾನೆ. ಕಟ್ಟಡವನ್ನು ಯಾವುದೋ ಕೋಚಿಂಗ್ ಕ್ಲಾಸಿಗೆ ಬಾಡಿಗೆ ಕೊಡುತ್ತಾರಂತೆ. ಮೇಜಿನ ಮೇಲಿನ ಕುರಾನನ್ನು ನಮ್ಮ ಸೋದರ ಅಸದ ಎದೆಗೊತ್ತಿಕೊಂಡು ಮನೆಗೆ ಒಯ್ದನಂತೆ, ಗೀತೆಯನ್ನು ಮಿಲಿಂದ. ಲಾಡ್ಜಿನ ಹಾರ್ಮೋನಿಯಂ ಏನು ಮಾಡಬೇಕೆಂದು ಅಹಮದಸಾಬ ನನ್ನನ್ನೇ ಕೇಳಿದ.

"ಐದ ಮಂದಿ ಬಂದಿದ್ರು ಸಾಹೇಬ್ರ," ಎಂದ. "ಅವರು ಗಡಿಯಾರ ನೋಡತಿದ್ರು, ನಾ ಗೇಟ್ ನೋಡತಿದ್ದೆ. ನೀವೊಬ್ರು, ಗುರುಶಿದ್ದಪ್ಪನವರೊಬ್ರು ಬಂದಿದ್ರ ಏಳಾಗತಿತ್ತು. ಇಬ್ರೂ ಒಮ್ಮಿಗೇ ಯಾಕ ಬಿಟ್ರಿ?"

ಈಗ ನಿಮಗೆ ತಿಳಿಯಿತಲ್ಲ. ನಾನೂ ಹೋಗಿಲ್ಲ, ಗುರುಶಿದ್ದಪ್ಪ. ಆ ಏಪ್ರಿಲ್‌ನಲ್ಲಿ ಬೆಂಚಿನ ಮೇಲೆ ಕಾದು ಕೂತೆ. ಒಳಗೆ ಸಭೆ ಶುರುವಾಯಿತು, ನೀವು ಬರಲಿಲ್ಲ. ನಾನು ಒಳಗೆ ಹೋಗದೆ ಬಸ್ಸು ಹತ್ತಿದೆ. ನಾನು ಹೊರಗುಳಿದರೆ ನೀವು ಮುಂದಿನ ತಿಂಗಳಿಂದ ನೆಮ್ಮದಿಯಾಗಿ ಹೋಗಬಹುದು ಎಂದುಕೊಂಡೆ. ಕುರ್ಚಿ ಕಣ್ಣ ಮುಂದಿರುತ್ತದೆ ಎಂದು ಬರೆದದ್ದು ಮನೆಯಲ್ಲಿ ಹೊರಸಿನ ಮೇಲೆ ಒರಗಿ ಅದನ್ನು ನೆನೆಯುತ್ತಿದ್ದುದರಿಂದ. ನೀವು ಅದರಲ್ಲಿ ಕೂತಿದ್ದೀರೆಂದೇ ನನ್ನ ಲೆಕ್ಕ. ಊಟದ ಹೊತ್ತಿಗೆ ಎಲ್ಲರೂ ಎದ್ದು, ಬಾರದ ಸೋದರರ ಹೆಸರಿನಲ್ಲಿ ಗ್ಲಾಸು ಎತ್ತುತ್ತೀರಲ್ಲ, ಆ ಹೊತ್ತಿಗೆ ಸರಿಯಾಗಿ ಇಲ್ಲಿ ನಾನು ಮಜ್ಜಿಗೆಯ ಲೋಟ ಎತ್ತುತ್ತಿದ್ದೆ. "ಯಾರಿಗ್ರಿ ಅದು?" ಎಂದು ಇಂದು ಪ್ರತಿ ತಿಂಗಳು ಕೇಳುತ್ತಿದ್ದಳು. ಅತ್ತ ನೀವೂ ಮನೆಯಲ್ಲೇ ಕೂತಿದ್ದಿರಿ ಎಂದು ಕನಸಿನಲ್ಲೂ ಹೊಳೆಯಲಿಲ್ಲ.

ನವೆಂಬರಿನ ನಿಮ್ಮ ಪತ್ರ ಬಂದಾಗಲೇ ನೀವು ಹೋಗುತ್ತಿಲ್ಲವೆಂದು ನನಗೆ ಗೊತ್ತಾಯಿತು. ನಾನೂ ಹೋಗಿಲ್ಲ ಎಂದು ಉತ್ತರದಲ್ಲಿ ಬರೆದು, ಆ ಸಾಲನ್ನು ಹೊಡೆದು, ಇಡೀ ಪತ್ರವನ್ನು ಮತ್ತೆ ಬರೆದೆ. ನೀವು ಕ್ಷಮಿಸಿದವರ ಜಾಗದಲ್ಲಿ ನಿಂತಿದ್ದಿರಿ. ನಾನೂ ನಿಮಗಾಗಿ ಬಿಟ್ಟುಕೊಟ್ಟವನೇ ಎಂದು ತೋರಿಸಿಕೊಳ್ಳಲು ಸೊಕ್ಕು ಬಿಡಲಿಲ್ಲ. ನೀವೊಬ್ಬರು ಹೋದರೆ ಏಳಾದೀತು ಎಂದು ಸಮಾಧಾನ ಹೇಳಿಕೊಂಡೆ. ರಾಯರಿದ್ದಾರೆ, ಏಳಾದೀತು ಎಂದು ನೀವು ಅಲ್ಲಿ ಹೇಳಿಕೊಂಡಿದ್ದೀರಿ.

ಜಗಳವಾಡಿದ್ದರೆ ಲಾಡ್ಜ್ ಉಳಿಯುತ್ತಿತ್ತು. ನಾವು ಸಭ್ಯತೆಯಿಂದ ಅದನ್ನು ಮುಚ್ಚಿಸಿದೆವು. ನನಗೆ ಇದು ಸಹಿಸಲು ಆಗುತ್ತಿಲ್ಲ.

ನಿಮ್ಮ
ಬಿಂದುಮಾಧವ


ಹುಬ್ಬಳ್ಳಿ
೩ ಫೆಬ್ರವರಿ ೨೦೨೫

ರಾಯರೇ,

ನಿಮ್ಮ ಪತ್ರ ಓದಿ ಮೊದಲು ಸಿಟ್ಟು ಬಂತು, ಆಮೇಲೆ ಅಳು. ಎರಡನ್ನೂ ನನ್ನ ಹೆಂಡತಿ ಕಾವೇರಿ ನೋಡಿದಳು. ಲಗ್ನವಾದಾಗಿನಿಂದ ನಾನು ಅತ್ತದ್ದನ್ನು ಕಾಣದವಳು ಹೆದರಿ ಮಗಳಿಗೆ ಫೋನ್ ಮಾಡಿದಳು.

ಆ ಏಪ್ರಿಲ್‌ನಲ್ಲಿ ನಾನೂ ಬಂದಿದ್ದೆ. ಸ್ಕೂಟರ್ ಗೇಟಿನ ಹತ್ತಿರ ನಿಲ್ಲಿಸಿ ನೋಡಿದರೆ ನೀವು ಬೆಂಚಿನ ಮೇಲೆ ಶಾಲು ಹೊದ್ದು ಕೂತು ಅಹಮದಸಾಬನ ಜೋಡಿ ಏನೋ ಮಾತಿಗೆ ನಗುತ್ತಿದ್ದಿರಿ. ಇವರಿಗೆ ಏನೂ ಆಗಿಲ್ಲ, ಉರಿಯುವುದು ನನಗೊಬ್ಬನಿಗೇ ಎನ್ನಿಸಿತು. ಸ್ಕೂಟರ್ ತಿರುಗಿಸಿದೆ.

ನೀವು ಕಾದ ಮಾತನ್ನು ಈಗ ಬರೆಯುತ್ತೇನೆ. ಎಲ್ಲರೆದುರು ನಿಮ್ಮನ್ನು ಅಂದದ್ದು ನನ್ನ ತಪ್ಪು. ನೋಡಿ, ಇಷ್ಟೇ ಇತ್ತು.

ಇನ್ನೊಂದು ಸಂಗತಿ ಕೇಳಿ. ಲಾಡ್ಜ್ ಮುಚ್ಚಿತು ಎಂದು ಮೈಲಾರಿಗೆ ಹೇಳಿದೆ. ಟ್ರ್ಯಾಕ್ಟರ್ ತೊಳೆಯುತ್ತಿದ್ದವನು ಪೈಪು ಕೆಳಗಿಟ್ಟು, "ಮಾಮಾ, ನಾ ನಿಮ್ಮ ಮನಸ್ಸಿಗೆ ಹೂಂ ಅಂದಿದ್ದೆ. ಆ ಕೋಟ ಹಾಕ್ಕೊಂಡ ದೊಡ್ಡ ಮಂದ್ಯಾಗ ಕುಂದ್ರೂದಂದ್ರ ನನಗ ಮೊದಲ ಬ್ಯಾಸರ. ಬ್ಯಾಡಂದಾರಂತ ಕೇಳಿದ ದಿನ ಛಲೋ ನಿದ್ದಿ ಹತ್ತಿತ್ತು" ಎಂದ. ಅವನನ್ನು ಬೈಯಲೂ ಆಗಲಿಲ್ಲ. ಯಾರ ಮಾನಕ್ಕಾಗಿ ನಾನು ನಿಮ್ಮನ್ನು ಬಿಟ್ಟೆನೋ ಅವನಿಗೆ ಅದು ಬೇಕಾಗಿಯೇ ಇರಲಿಲ್ಲ. ನಾನು ಒಮ್ಮೆಯೂ ಅವನನ್ನು ಕೂಡಿಸಿಕೊಂಡು ಕೇಳಿದವನಲ್ಲ.

ಒಂದೇ ಒಂದು ಕೇಳಿಕೆ. ಈಗ ಲಾಡ್ಜ್ ಇಲ್ಲ, ಪೆಟ್ಟಿಗೆ ಇಲ್ಲ, ಹೇಳಿದರೆ ಯಾಕೆಂದು ಕೇಳಲು ಲಾಡ್ಜಿನ ಯಜಮಾನ ಮಾಸ್ಟರೂ ಇಲ್ಲ. ನಮ್ಮಿಬ್ಬರ ನಡುವೆ ಹೇಳಿಬಿಡಿ. ಹಾಕಿದ್ದಿರೋ, ಇಲ್ಲವೋ? ಯಾವುದಾದರೂ ಸರಿ. ಗೊತ್ತಾದರೆ ನನಗೆ ಹಗುರಾಗುತ್ತದೆ.

ಗುರುಶಿದ್ದಪ್ಪ


ಧಾರವಾಡ
೧೨ ಫೆಬ್ರವರಿ ೨೦೨೫

ಗುರುಶಿದ್ದಪ್ಪ,

ನಿಮ್ಮ ತಪ್ಪೊಪ್ಪಿಗೆಯನ್ನು ಓದಿದಾಗ ನನಗೆ ಗೆದ್ದಂತೆ ಆಗಲಿಲ್ಲ. ಇದನ್ನು ಕೇಳಲು ಅಷ್ಟು ಹಟ ಯಾಕೆ ಮಾಡಿದೆನೋ ಎಂದು ನಾಚಿಕೆಯಾಯಿತು.

ಲಾಡ್ಜ್ ಮುಚ್ಚಿದೆ. ನಾನು ಅಲ್ಲಿ ಕೊಟ್ಟ ಮಾತು ಮುಚ್ಚಿಲ್ಲ. ಇಲ್ಲ ಎಂದು ಹೇಳಿದರೆ ನಿಮ್ಮ ಬೆರಳು ಉಳಿದವರತ್ತ ತಿರುಗುತ್ತದೆ. ಅವರಲ್ಲಿ ಕೆಲವರು ಉತ್ತರ ಕೊಡಲು ಬದುಕಿಲ್ಲ. ಹೌದು ಎಂದರೆ ಏನಾಗುತ್ತದೆಂದು ನಿಮಗೆ ಗೊತ್ತು. ಆದ್ದರಿಂದ ಎರಡನ್ನೂ ಹೇಳುವುದಿಲ್ಲ. ಇಂದುವಿಗೂ ಹೇಳಿಲ್ಲ.

ಗೊತ್ತಿಲ್ಲದೆಯೇ ಬರುತ್ತೀರಾ? ಇಪ್ಪತ್ತಮೂರು, ರವಿವಾರ ಊಟಕ್ಕೆ ಬನ್ನಿ. ಜೋಳದ ರೊಟ್ಟಿ, ಎಣ್ಣೆಗಾಯಿ. ಮುಂಚೆ ಒಮ್ಮೆ "ಬಾ" ಅನ್ನಿ ಎಂದು ಬರೆದಿದ್ದಿರಿ, ನಾನು ಅನ್ನಲಿಲ್ಲ. ಈಗ ಅನ್ನುತ್ತಿದ್ದೇನೆ.

ಬಿಂದುಮಾಧವ


ಹುಬ್ಬಳ್ಳಿ
೨೪ ಫೆಬ್ರವರಿ ೨೦೨೫

ರಾಯರೇ,

ನಿನ್ನೆ ನಿಮ್ಮ ಮನೆಯಿಂದ ಬಂದವನು ಇವತ್ತೇ ಬರೆಯುತ್ತಿದ್ದೇನೆ. ಎದುರಿಗೆ ಹೇಳಲಾಗದ್ದು ಉಳಿದುಹೋಯಿತು.

ವೈನಿಯ ಎಣ್ಣೆಗಾಯಿ ಮೊದಲಿನಂತೆಯೇ ಇದೆ. ನಾನು ತಿಂದ ರೊಟ್ಟಿಗಳ ಲೆಕ್ಕ ಅವರು ಯಾರಿಗೂ ಹೇಳದಿರಲಿ. ಊಟವಾದ ಮೇಲೆ ನೀವು ಹಾರ್ಮೋನಿಯಂ ಮುಂದೆ ಕೂತು, ಲಾಡ್ಜ್ ತೆರೆಯುವಾಗ ನುಡಿಸುತ್ತಿದ್ದುದನ್ನು ನುಡಿಸಿದಿರಿ. ನನಗೆ ಅರಿವಿಲ್ಲದೆ ಎದ್ದು ನಿಂತೆ. "ಅಯ್ಯ, ಕುಂದರ್ರಿ ಭಾವಜಿ, ಇದು ಮನಿ" ಎಂದು ವೈನಿ ನಕ್ಕರು. ನಾವಿಬ್ಬರೂ ನಕ್ಕೆವು. ಎಲ್ಲ ಮುಗಿಯಿತು, ಮತ್ತೆ ಮೊದಲಿನಂತಾದೆವು ಎಂದು ಆ ಗಳಿಗೆಯಲ್ಲಿ ನನಗೆ ಖಾತ್ರಿಯಾಗಿತ್ತು.

ಆಮೇಲೆ ವೈನಿ ಎಲೆಅಡಿಕೆಯ ತಟ್ಟೆ ತಂದಿಟ್ಟರು. ನೀವು ಅಡಿಕೆಗೆ ಕೈ ಚಾಚಿದಿರಿ. ನನ್ನ ಕಣ್ಣು ನಿಮ್ಮ ಬೆರಳುಗಳ ಮೇಲೆ ನಿಂತಿತು. ಬೇಕೆಂದು ನೋಡಲಿಲ್ಲ, ಮಗಳ ಆಣೆ ಮಾಡಿ ಹೇಳುತ್ತೇನೆ. ಪೆಟ್ಟಿಗೆಯೊಳಗೆ ಹೋದದ್ದು ಇದೇ ಕೈ ಎಂದಷ್ಟೇ ಮನಸ್ಸಿಗೆ ಬಂತು. ತಲೆಯೆತ್ತಿದರೆ ನೀವು ನನ್ನನ್ನೇ ನೋಡುತ್ತಿದ್ದಿರಿ. ಅಡಿಕೆ ಮುಟ್ಟದೆ ಕೈಯನ್ನು ಶಾಲಿನೊಳಗೆ ಎಳೆದುಕೊಂಡಿರಿ. ನಂತರ ಇಬ್ಬರೂ ಬಿಸಿಲಿನ ಮಾತಾಡಿದೆವು, ಬಸ್ಸಿನ ಮಾತಾಡಿದೆವು, ನಾನು ಹೊರಟೆ.

ಬಸ್ಸಿನಲ್ಲಿ ಕೂತು ನನ್ನನ್ನೇ ಬೈದುಕೊಂಡೆ. ನೀವು ಹಾಕಿಲ್ಲ ಎಂದು ನಂಬುತ್ತೇನೆ. ಬೆಳಿಗ್ಗೆ ಏಳುವಾಗ ಪೂರ್ತಿ ನಂಬಿರುತ್ತೇನೆ. ನಡುವೆ ಎಲ್ಲೋ ಅದು ಜಾರುತ್ತದೆ, ಮತ್ತೆ ಹಿಡಿದು ತರುತ್ತೇನೆ. ನನ್ನ ಕಡೆಯಿಂದ ಇನ್ನು ಇಷ್ಟೇ ಆಗುವುದು, ರಾಯರೇ. ನೀವು ಹೇಳಲಾರಿರಿ, ನಾನು ಕೇಳದೆ ಇರಲಾರೆ. ಮೊದಲಿನ ಹಾಗೆ ನಾವು ಇನ್ನು ಆಗುವುದಿಲ್ಲ.

ಆದರೂ ಬರುವ ರವಿವಾರ ಬರುತ್ತೇನೆ, ಬೇಡ ಎನ್ನಬೇಡಿ. ನಿಮ್ಮ ಕೈ ನೋಡುವುದಿಲ್ಲ ಎಂದು ಮಾತು ಕೊಡೋಣವೆಂದು ಈ ಪತ್ರ ಶುರುಮಾಡಿದೆ, ಕೊಡಲಾರೆ. ನಾನು ನೋಡಿದರೂ ನೀವು ಕೈ ಹಿಂದಕ್ಕೆ ತೆಗೆದುಕೊಳ್ಳಬೇಡಿ. ಅಡಿಕೆ ತಗೊಳ್ಳಿ.

ಗುರುಶಿದ್ದಪ್ಪ